ಬಿಚ್ಚಿಸಿದ ಹೊಲಿಗೆ

ಮಾಸ್ಟರ್ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಪರೀಕ್ಷಾ ಕೇಂದ್ರದ ಕ್ಯಾಂಟೀನಿನ ಅಕ್ಕ. ತಟ್ಟೆಗೆ ಮುದ್ದೆ ಹಾಕುತ್ತಾ, "ರಾಯದುರ್ಗದ ಮಾಸ್ಟ್ರು ತೀರ್ಕೊಂಡ್ರಂತೆ ಕಣಮ್ಮ. ಐದು ದಿನ ಆಯ್ತಂತೆ. ನಮಗ್ಯಾರೂ ಹೇಳ್ಲೇ ಇಲ್ಲ ನೋಡು," ಎಂದರು. ನಾನು ತಟ್ಟೆ ಹಿಡಿದುಕೊಂಡು ನಿಂತೆ. ನನಗೆ ಸಿಟ್ಟು ಬಂತು. ಇನ್ನು ಒಂದೆರಡು ವಾರ ಇರಬಾರದಿತ್ತೇ ಈ ಮನುಷ್ಯ ಎಂದುಕೊಂಡೆ. ಅವರ ಹೆಸರಿಗೆ ಒಂದು ಕಳಂಕ ಅಂಟಿತ್ತು. ಅಂಟಿಸಿದವಳು ನಾನು. ಅದನ್ನು ತೆಗೆದುಹಾಕಲು ಅವರು ನನ್ನಿಂದ ಕೇಳಿದ್ದು ನಾಲ್ಕು ಸಾಲಿನ ಒಂದು ಕಾಗದ ಮಾತ್ರ. ಅದನ್ನು ನಾನಿನ್ನೂ ಬರೆದಿರಲಿಲ್ಲ.

ಅವರು ನನಗೆ ಅಚ್ಚುಮೆಚ್ಚಿನವರಾಗಿದ್ದರು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಜೊತೆಯಲ್ಲಿದ್ದ ಒಂದೂವರೆ ವರ್ಷದಲ್ಲಿ ಅವರಷ್ಟು ನನ್ನ ತಾಳ್ಮೆ ಕೆಡಿಸಿದವರು ಬೇರೆ ಯಾರೂ ಇಲ್ಲ.

ನಮ್ಮ ಕೇಂದ್ರ ಇರುವುದು ಮಡಕಶಿರಾದಿಂದ ಅಗಳಿಯ ಕಡೆ ಹೋಗುವ ರಸ್ತೆಯಲ್ಲಿ, ಊರಿನಿಂದ ಸಾಕಷ್ಟು ದೂರ. ಸುತ್ತ ಮೊಬೈಲ್ ಟವರುಗಳು ಕಡಿಮೆ, ಕಾರ್ಖಾನೆಗಳಿಲ್ಲ. ಗಾಳಿಯಲ್ಲಿ ರೇಡಿಯೊ ಅಲೆಗಳ ಗದ್ದಲ ಇಲ್ಲ. ಅದಕ್ಕಾಗಿಯೇ ಇಲ್ಲಿ ಕಟ್ಟಿದ್ದು. ಮನೆಯಲ್ಲಿ ಮಿಕ್ಸಿ ಹಾಕಿದಾಗ ರೇಡಿಯೊ ಗರಗರ ಎನ್ನುತ್ತದಲ್ಲ, ಅಂಥದ್ದು ಆಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಒಂದು ಉಪಕರಣ ಇನ್ನೊಂದರ ಕೆಲಸ ಕೆಡಿಸಬಾರದು, ಇನ್ನೊಂದರಿಂದ ತಾನೂ ಕೆಡಬಾರದು. ಇದನ್ನು ಪುಸ್ತಕದಲ್ಲಿ ವಿದ್ಯುತ್ಕಾಂತೀಯ ಹೊಂದಾಣಿಕೆ ಎನ್ನುತ್ತಾರೆ. ಎಂ.ಟೆಕ್. ಮುಗಿಸಿ ನಾನು ಇಲ್ಲಿಗೆ ಸೇರಿದ ಎರಡನೆಯ ವರ್ಷ ಒಂದು ಕಂಪನಿ ತನ್ನ ಬಾಹ್ಯಾಕಾಶ ಉಡುಪನ್ನು ಪರೀಕ್ಷೆಗೆ ಕಳಿಸಿತು. ಯಾರೂ ತೊಟ್ಟು ಹಾರುವ ಉಡುಪಲ್ಲ, ಪ್ರಯೋಗಕ್ಕೆಂದೇ ಮಾಡಿದ್ದು. ಅದರೊಳಗೆ ರೇಡಿಯೊ ಇರುತ್ತದೆ, ಗಾಳಿ ತಿರುಗಿಸುವ ಪುಟ್ಟ ಮೋಟರು ಇರುತ್ತದೆ, ಎದೆಗೆ ಅಂಟಿಸಿದ ಹೃದಯಬಡಿತದ ತಂತಿಗಳಿರುತ್ತವೆ. ರೇಡಿಯೊ ಕೂಗಿದಾಗ ಹೃದಯಬಡಿತದ ಲೆಕ್ಕ ತಪ್ಪಿದರೆ, ಕೆಳಗೆ ಭೂಮಿಯಲ್ಲಿ ಕುಳಿತ ವೈದ್ಯರು ಆರೋಗ್ಯವಂತನನ್ನು ರೋಗಿ ಎಂದುಕೊಳ್ಳುತ್ತಾರೆ, ಅಥವಾ ಅದಕ್ಕಿಂತ ಕೆಟ್ಟದಾಗಿ, ರೋಗಿಯನ್ನು ಆರೋಗ್ಯವಂತ ಎಂದುಕೊಳ್ಳುತ್ತಾರೆ. ಇದನ್ನು ತಡೆಯಲು ಉಡುಪಿನ ಒಳಗೆ ಬೆಳ್ಳಿಲೇಪದ ಬಟ್ಟೆಯ ಒಂದು ಪದರ ಇರುತ್ತದೆ. ಅಲೆಗಳು ಆ ಪದರವನ್ನು ದಾಟಬಾರದು.

ಪ್ರತಿ ಪರೀಕ್ಷೆಯ ನಂತರ ಆ ಪದರದಲ್ಲಿ ಏನಾದರೂ ಬದಲಾವಣೆ ಬೇಕಾಗುತ್ತಿತ್ತು. ಒಂದು ತೋಳು ಬಿಚ್ಚಿ ಮತ್ತೆ ಹೊಲಿಯಲು ಉಡುಪನ್ನು ಕಂಪನಿಗೆ ಕಳಿಸಿದರೆ ತಿಂಗಳು ಹೋಗುತ್ತಿತ್ತು. ಹಾಗಾಗಿ ಇಲ್ಲೇ ಒಬ್ಬ ದರ್ಜಿ ಇರಲಿ ಎಂದು ನಮ್ಮ ಮ್ಯಾನೇಜರು ರಾಯದುರ್ಗದಿಂದ ಅವರನ್ನು ಕರೆಸಿದರು. ರಾಯದುರ್ಗದ ಓಣಿಗಳಲ್ಲಿ ಮನೆಗೊಂದೆರಡು ಹೊಲಿಗೆ ಮಷಿನ್. ಅಲ್ಲಿ ಮೂವತ್ತು ವರ್ಷ ಜೀನ್ಸ್ ಪ್ಯಾಂಟು ಹೊಲಿದು, ಕಟಿಂಗ್ ಮಾಸ್ಟರ್ ಆಗಿದ್ದವರು ಅವರು. ಸಣಕಲು ಆಳು, ಹಣೆಗೆ ವಿಭೂತಿ, ಬಲಗೈಯ ಹೆಬ್ಬೆರಳಿನ ಉಗುರು ಸ್ವಲ್ಪ ಉದ್ದ. ಅಂಗಿಯ ಜೇಬಿನಲ್ಲಿ ಒಂದು ಬಾಬಿನ್ ಕೇಸು, ಮಷಿನ್ನಿನ ಕೆಳದಾರ ಕೂರುವ ಲೋಹದ ಪುಟ್ಟ ಗೂಡು, ಇಟ್ಟುಕೊಂಡು ಬಂದಿದ್ದರು. ಇಲ್ಲಿಯ ಮಷಿನ್ ಹೊಸದು, ಬಾಬಿನ್ ಕೇಸು ಅದರಲ್ಲೇ ಇದೆ ಎಂದರೆ, "ಇರ್ಲಿ ಬಿಡ್ರಿ, ಇದು ನನ್ನ ಕೈಯ ಮಾತು ಕೇಳ್ತೈತಿ," ಎಂದರು.

ಮೊದಲ ದಿನ ಮ್ಯಾನೇಜರು ಅವರ ಕೈಗೆ ಬೆಳ್ಳಿ ಬಟ್ಟೆಯ ಒಂದು ತುಂಡು ಕೊಟ್ಟರು. ಅವರು ಅದನ್ನು ಬೆರಳುಗಳ ನಡುವೆ ಉಜ್ಜಿದರು, ಬೆಳಕಿಗೆ ಹಿಡಿದರು, ಕೆನ್ನೆಗೆ ಒತ್ತಿಕೊಂಡರು.

"ಇದಕ್ಕ ಸೀದಾ ಯಾವ್ದ್ರಿ, ಉಲ್ಟಾ ಯಾವ್ದು?"

"ಒಳಪದರ ಅಲ್ವಾ ಮಾಸ್ಟರ್, ಎರಡೂ ಒಂದೇ," ಎಂದರು ಮ್ಯಾನೇಜರು.

"ಬಟ್ಟಿ ಅಂದಮ್ಯಾಲ ಎರಡೂ ಒಂದ ಹೆಂಗ ಆಗ್ತಾವ್ರಿ."

ಒಂದು ಬದಿಗೆ ಬೆಳ್ಳಿ ಇದೆ, ಇನ್ನೊಂದು ಬದಿಗೆ ಅದು ಉದುರದಿರಲೆಂದು ತೆಳುವಾದ ಲೇಪ ಇದೆ ಎಂದು ನಾನು ಹೇಳಿದೆ. ಅವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟ ತೃಪ್ತಿ ನನಗಿತ್ತು. ಅವರು ಏಕೆ ಕೇಳಿದರು ಎಂದು ನಾನು ಯೋಚಿಸಲಿಲ್ಲ.

ನಮ್ಮ ಪರೀಕ್ಷೆಯ ಕೋಣೆಯನ್ನು ಚೇಂಬರ್ ಎನ್ನುತ್ತೇವೆ. ಗೋಡೆ, ಸೂರು ಎಲ್ಲ ಕಪ್ಪು ಸ್ಪಂಜಿನ ಮೊನೆಗಳು. ಅಲೆಗಳೂ ಅಲ್ಲಿ ಸತ್ತುಹೋಗುತ್ತವೆ, ಶಬ್ದವೂ. ಮಾಸ್ಟರಿಗೆ ಅದು ಆಗಿಬರುತ್ತಿರಲಿಲ್ಲ. "ನಾ ಆಡಿದ ಮಾತು ನನಗ ವಾಪಸ್ ಬರಂಗಿಲ್ರಿ ಇಲ್ಲಿ," ಎಂದು ಒಳಗೆ ಹೋದಾಗಲೆಲ್ಲ ಕೂಗಿ ಕೂಗಿ ಮಾತಾಡುತ್ತಿದ್ದರು. ಉಡುಪು ತೊಡಿಸುವ ಗೊಂಬೆಗೆ ಮರ್ಯಾದೆ ಕೊಡುತ್ತಿದ್ದರು. ಅದರ ಕೈಯನ್ನು ತೋಳಿನೊಳಗೆ ತೂರಿಸುವಾಗ "ಸ್ವಲ್ಪ ಕೈ ಸಡ್ಲ ಬಿಡ್ರಿ" ಎನ್ನುವರು. ಒಮ್ಮೆ ನಾನು ಅದರ ಕುತ್ತಿಗೆ ಹಿಡಿದು ಎಳೆದು ನಿಲ್ಲಿಸಿದ್ದಕ್ಕೆ ಇಡೀ ಮಧ್ಯಾಹ್ನ ನನ್ನೊಡನೆ ಮಾತಾಡಲಿಲ್ಲ.

ಮಾತು ಎಂದರೆ ಅವರಿಗೆ ಬೇಸರವೇನಿರಲಿಲ್ಲ. ಮಡಕಶಿರಾದ ಬಾಡಿಗೆ ಕೋಣೆಯ ನೀರಿನ ಬಗ್ಗೆ, ರಾಯದುರ್ಗಕ್ಕೆ ಹೋಗಲು ಬದಲಿಸಬೇಕಾದ ಬಸ್ಸುಗಳ ಬಗ್ಗೆ, ನಮ್ಮ ಕಡೆಯ ಮುದ್ದೆಯ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದರು. ಕ್ಯಾಂಟೀನಿನ ಅಕ್ಕ ಮತ್ತು ಅವರದು ದಿನಾ ಜಗಳ.

"ಏನ್ ಮಾಸ್ಟ್ರೆ, ಚಂದ್ರಂಗೆ ಪ್ಯಾಂಟ್ ಹೊಲ್ದು ಆಯ್ತಾ?"

"ಆಗೈತಬೇ. ಅಳತಿ ಕೊಡಾಕ ಕೆಳಗ ಬಾ ಅಂದ್ರ ಬರವಲ್ಲ ಅವ."

"ಸುಮ್ನೆ ಮುದ್ದೆ ಉಣ್ಣಿ. ನುಂಗಕ್ ಬರಲ್ಲ, ಮಾತ್ ಮಾತ್ರ ಬತ್ತದೆ."

"ಅಗಿಯಾಕ ಹಲ್ಲು ಕೊಟ್ಟಾನ ದೇವ್ರು. ನಿಮ್ಮೂರವ್ರು ಅವನ್ನ ಸುಮ್ನ ಇಟ್ಕೊಂಡೀರಿ."

ಇಷ್ಟು ಮಾತಿನ ಮನುಷ್ಯ, ಬೇಕಾದ ಮಾತು ಬಂದಾಗ ಬಾಯಿ ಬಿಡುತ್ತಿರಲಿಲ್ಲ. ಇದು ಅವರ ಬಗ್ಗೆ ನನಗಿದ್ದ ದೊಡ್ಡ ತಕರಾರು. ಒಂದು ಬೆಳಿಗ್ಗೆ ಚೇಂಬರಿನಲ್ಲಿ ಇರಬಾರದ ಒಂದು ಅಲೆ ಕಾಣಿಸಿಕೊಂಡಿತು. ಉಡುಪಿನ ಮೋಟರು ನಿಲ್ಲಿಸಿದೆವು, ರೇಡಿಯೊ ತೆಗೆದೆವು, ತಂತಿಗಳನ್ನೆಲ್ಲ ಒಂದೊಂದಾಗಿ ಕಳಚಿದೆವು. ಮಧ್ಯಾಹ್ನದವರೆಗೂ ಅದು ಹೋಗಲಿಲ್ಲ. ಕೊನೆಗೆ ಅಕ್ಕ ಬಂದು, "ಮಾಸ್ಟ್ರೆ, ನಿಮ್ ಮನೆಯೋರು ನನ್ ಫೋನಿಗೆ ಮಾಡವ್ರೆ. ನಿಮ್ದೆಲ್ಲಿ?" ಎಂದರು. ಮಾಸ್ಟರ್ ನೆಟ್ಟಗೆ ಚೇಂಬರಿನ ಬಾಗಿಲು ತೋರಿಸಿ, "ಒಳಗೈತಿ," ಎಂದರು. ಗೊಂಬೆಯ ಸ್ಟ್ಯಾಂಡಿನ ಹಿಂದೆ ಅವರ ಗುಂಡಿ ಫೋನು ಇತ್ತು. ಚೇಂಬರಿನೊಳಗೆ ಸಿಗ್ನಲ್ ಸಿಗದೆ ಫೋನು ಟವರನ್ನು ಹುಡುಕುತ್ತಾ ಇನ್ನಷ್ಟು ಜೋರಾಗಿ ಕೂಗಿಕೊಳ್ಳುತ್ತದೆ. ನಾವು ಬೆಳಿಗ್ಗೆಯಿಂದ ಅಳೆಯುತ್ತಿದ್ದದ್ದು ಅದನ್ನೇ.

"ಮೊದಲೇ ಹೇಳಬಾರದಿತ್ತೇ?" ಎಂದೆ.

"ನೀವು ತಂತಿ ಹುಡುಕ್ತಿದ್ರಿ. ಫೋನ್ ಎಲ್ಲೈತಿ ಅಂತ ಯಾರ್ ಕೇಳಿದ್ರಿ?"

ಅದೇ ಮನುಷ್ಯ ಸೂಜಿ ಮುರಿದರೆ ಇಡೀ ಕಟ್ಟಡವನ್ನು ನಿಲ್ಲಿಸುತ್ತಿದ್ದರು. ಹೊರದೇಶಕ್ಕೆ ಹೋಗುವ ಬಟ್ಟೆಯ ಕಾರ್ಖಾನೆಗಳಲ್ಲಿ ಒಂದು ನಿಯಮವಿದೆಯಂತೆ. ಸೂಜಿ ಮುರಿದರೆ ಅದರ ಎಲ್ಲ ಚೂರುಗಳೂ ಸಿಗುವವರೆಗೆ ಆ ಬಟ್ಟೆ ಮುಂದಕ್ಕೆ ಹೋಗುವಂತಿಲ್ಲ. ಚೂರುಗಳನ್ನು ಜೋಡಿಸಿ, ಕಾಗದಕ್ಕೆ ಟೇಪು ಹಚ್ಚಿ, ತಾರೀಖು ಬರೆದು ಇಡಬೇಕು. ಇಲ್ಲಿ ಯಾರೂ ಕೇಳದಿದ್ದರೂ ಅವರು ಅದನ್ನು ಬಿಡಲಿಲ್ಲ. ಒಂದು ದಿನ ಸೂಜಿಯ ಮೊನೆ ಸಿಗಲಿಲ್ಲ. ಬೇರೆ ಪರೀಕ್ಷೆಗಳ ನಡುವೆ ಈ ಉಡುಪಿಗೆ ಚೇಂಬರ್ ಸಿಗುವುದೇ ಕಷ್ಟ. ಕಾಯುತ್ತಾ ಕುಳಿತ ಮ್ಯಾನೇಜರು ಹಿಂದೂಪುರದ ತೆಲುಗಿನಲ್ಲಿ ಕೂಗಾಡುತ್ತಾ ಕೋಣೆಯ ಉದ್ದಕ್ಕೂ ಓಡಾಡಿದರು. ಮಾಸ್ಟರ್ ನೆಲದ ಮೇಲೆ ಮಂಡಿಯೂರಿ ಆಯಸ್ಕಾಂತ ಹಿಡಿದು ತೆವಳುತ್ತಿದ್ದರು. ಮೂರು ಗಂಟೆಯ ಮೇಲೆ ಮೊನೆ ಸಿಕ್ಕಿದ್ದು ಮ್ಯಾನೇಜರರ ಚಪ್ಪಲಿಯ ಅಡಿಯಲ್ಲಿ. ಮಾಸ್ಟರ್ ಅದನ್ನು ಕೀಳುತ್ತಾ, "ತಾವು ಒಂದ ಕಡಿ ಕುಂತಿದ್ರ ಬೇಗ ಸಿಗ್ತಿತ್ರಿ ಸಾಹೇಬ್ರ," ಎಂದರು.

ಈಗ ಆ ತೋಳಿನ ವಿಷಯ.

ಕಂಪನಿ ಬೆಳ್ಳಿ ಪದರದ ಎಡತೋಳಿಗೆ ಹೊಸ ತುಂಡುಗಳನ್ನೂ ನಕ್ಷೆಯನ್ನೂ ಕಳಿಸಿತ್ತು. ಒಂದು ತುಂಡಿನ ಅಂಚನ್ನು ಇನ್ನೊಂದರ ಅಂಚಿನ ಮೇಲೆ ಸುಮ್ಮನೆ ಇಟ್ಟು ಹೊಲಿಯಬೇಕು ಎಂದು ನಕ್ಷೆಯಲ್ಲಿತ್ತು. ಹಾಗೆ ಮಾಡಿದರೆ ದಪ್ಪ ಕಡಿಮೆ, ತೋಳು ಸುಲಭವಾಗಿ ಮಡಚುತ್ತದೆ. ಮಾಸ್ಟರ್ ಎರಡು ದಿನ ಕುಳಿತು ಹೊಲಿದು ತಂದರು. ನೋಡಿದರೆ ಜೀನ್ಸ್ ಪ್ಯಾಂಟಿನ ಬದಿಯ ಹೊಲಿಗೆ. ಎರಡು ಅಂಚುಗಳನ್ನೂ ಒಂದರೊಳಗೊಂದು ಮಡಚಿ, ಬೆರಳುಗಳನ್ನು ಹೆಣೆದಂತೆ ಕೂಡಿಸಿ, ಮೇಲೆ ಎರಡು ಸಾಲು ಹೊಡೆದಿದ್ದರು. ಚೆನ್ನಾಗಿತ್ತು, ಅದು ನನಗೂ ಕಾಣುತ್ತಿತ್ತು. ಆದರೆ ನಾನು ದಪ್ಪ ಅಳೆದೆ. ನಕ್ಷೆಯ ಮಿತಿ ಮೀರಿತ್ತು.

"ಮಾಸ್ಟರ್, ನಕ್ಷೆಯಲ್ಲಿ ಹೀಗಿದೆಯಾ?"

"ಇಲ್ರಿ."

"ಮತ್ತೆ?"

"ಅವ್ರು ಹೇಳ್ದಂಗ ಮಾಡಿದ್ರ ಸೀದಾಕ್ಕ ಸೀದಾ ಹತ್ತಂಗಿಲ್ರಿ ಮೇಡಂ. ಮ್ಯಾಲಿಂದರ ಉಲ್ಟಾ, ಕೆಳಗಿಂದರ ಸೀದಾಕ್ಕ ಹತ್ತತೈತಿ."

ಅಂದವಾಗಿ ಕಾಣುವುದಿಲ್ಲ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ ನಾನು. ದರ್ಜಿಗೆ ಬಟ್ಟೆಯ ಸೀದಾ ಎಂದರೆ ಕಾಣುವ ಬದಿ. "ಇದು ಒಳಗಿನ ಪದರ. ಯಾರಿಗೂ ಕಾಣಲ್ಲ. ಬಿಚ್ಚಿ, ನಕ್ಷೆಯ ಪ್ರಕಾರ ಹೊಲಿಯಿರಿ," ಎಂದೆ.

"ಬಿಚ್ಚಬೇಕೇನ್ರಿ?"

"ಬಿಚ್ಚಿ."

ಅವರು ಅರ್ಧ ಬ್ಲೇಡು ಹಿಡಿದು ಕಿಟಕಿಯ ಪಕ್ಕ ಕುಳಿತರು. ಬೆಳ್ಳಿ ಬಟ್ಟೆ ಸೂಕ್ಷ್ಮ, ಬ್ಲೇಡು ಜಾರಿದರೆ ಹೋಯಿತು. ಒಂದೊಂದೇ ಹೊಲಿಗೆ ಕತ್ತರಿಸಿ, ಉಗುರಿನಿಂದ ದಾರ ಎತ್ತುತ್ತಾ ಒಂದೂವರೆ ದಿನ ಬಿಚ್ಚಿದರು. ಆಮೇಲೆ ನಕ್ಷೆಯಂತೆ ಹೊಲಿದರು. ಅದೂ ನೋಡಲು ಅಚ್ಚುಕಟ್ಟಾಗಿಯೇ ಇತ್ತು.

ಪರೀಕ್ಷೆಯಲ್ಲಿ ಉಡುಪು ಸೋತಿತು. ಗೊಂಬೆಯ ಎದೆಯೊಳಗೆ ಇಟ್ಟ ಯಂತ್ರ ನಿಮಿಷಕ್ಕೆ ಎಪ್ಪತ್ತೆರಡರಂತೆ ಕೃತಕ ಹೃದಯಬಡಿತ ಕೊಡುತ್ತಿತ್ತು. ಹೊರಗಿನಿಂದ ಅಲೆ ಬಿಟ್ಟು, ತೋಳು ಮಡಚಿ ಇಟ್ಟ ಕೂಡಲೇ ಪರದೆಯ ಮೇಲಿನ ಸಂಖ್ಯೆ ನೂರು ದಾಟಿ ಕುಣಿಯತೊಡಗಿತು. ಅಲೆ ನಿಲ್ಲಿಸಿದರೆ ಎಪ್ಪತ್ತೆರಡು. ಮತ್ತೆ ಬಿಟ್ಟರೆ ಕುಣಿತ. ಎಡತೋಳಿನಿಂದಲೇ ಅಲೆ ಒಳಗೆ ಹೋಗುತ್ತಿದೆ ಎನ್ನುವುದು ಸಂಜೆಯ ಹೊತ್ತಿಗೆ ಖಚಿತವಾಯಿತು. ಏಕೆ ಎನ್ನುವುದು ಗೊತ್ತಾಗಲಿಲ್ಲ.

ವರದಿ ಅಂದೇ ಹೋಗಬೇಕಿತ್ತು. ವರದಿಯಲ್ಲಿ "ಕಾರಣ" ಎಂಬ ಒಂದು ಕಲಂ ಇದೆ. ಕಂಪನಿಯವರು ಫೋನಿನಲ್ಲಿ, ನಮ್ಮ ನಕ್ಷೆ ಒಪ್ಪಿಗೆಯಾದದ್ದು, ಅದರಲ್ಲಿ ತಪ್ಪಿಲ್ಲ ಎಂದರು. ಮ್ಯಾನೇಜರು ಮಾಸ್ಟರನ್ನು ಕರೆಸಿ, ಫೋನು ಸ್ಪೀಕರಿಗೆ ಹಾಕಿ ಕೇಳಿದರು.

"ಎಡಗೈ ಹೊಲಿದದ್ದು ನೀವೇನಾ?"

"ಹೌದ್ರಿ."

"ಬೇರೆ ಯಾರಾದ್ರೂ ಮುಟ್ಟಿದ್ರಾ?"

"ಇಲ್ರಿ. ನಾನ ಹೊಲಿದದ್ದು."

"ಏನಾದ್ರೂ ಹೇಳೋದಿದೆಯಾ?"

ಅವರು ನೆಲ ನೋಡಿದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. "ಏನಿಲ್ರಿ," ಎಂದರು. ನಾನೂ ಏನೂ ಹೇಳಲಿಲ್ಲ. ಹೇಳಬೇಕಾದದ್ದು ಏನಾದರೂ ಇದೆ ಎಂದು ಆಗ ನನಗೆ ಹೊಳೆದಿರಲಿಲ್ಲ ಎನ್ನಬಹುದು. ಅದು ಅರ್ಧ ಸತ್ಯ. ಒಮ್ಮೆ ಹೊಲಿದದ್ದನ್ನು ನಾನು ಬಿಚ್ಚಿಸಿದ್ದೆ ಎನ್ನುವುದು ನೆನಪಿತ್ತು. ಆ ಹೊತ್ತಿನಲ್ಲಿ ಅದನ್ನು ಎತ್ತಿದರೆ ಮಾತು ನನ್ನ ಕಡೆ ತಿರುಗುತ್ತದೆ ಎನ್ನುವುದೂ ಗೊತ್ತಿತ್ತು. ಮ್ಯಾನೇಜರು ಹೇಳಿದರು, ನಾನು ಟೈಪು ಮಾಡಿದೆ. ಕಾರಣ: ಹೊಲಿಗೆಗಾರರ ಕೆಲಸದ ದೋಷ.

ಮುಂದಿನ ಸೋಮವಾರದಿಂದ ಅವರು ಬರಲಿಲ್ಲ. ಈ ವ್ಯಕ್ತಿಯಿಂದ ನಮ್ಮ ಯಾವ ಹೊಲಿಗೆಯನ್ನೂ ಮಾಡಿಸಬಾರದು ಎಂದು ಕಂಪನಿ ಬರೆದು ಕಳಿಸಿತ್ತು. ಅವರು ಹೋಗುವಾಗ ಯಾರಿಗೂ ಹೇಳಿಹೋಗಲಿಲ್ಲ. ಬಾಬಿನ್ ಕೇಸು ಮಾತ್ರ ಮಷಿನ್ನಿನಿಂದ ಕಳಚಿಕೊಂಡಿದ್ದರು.

ಎರಡು ವಾರದ ಮೇಲೆ ಹೊಲಿಗೆ ಕೋಣೆಯ ಕಪಾಟು ಖಾಲಿ ಮಾಡುತ್ತಿದ್ದೆ. ಯಾವುದೇ ಹೊಲಿಗೆಗೆ ಮೊದಲು ಅವರು ಗೇಣುದ್ದದ ಒಂದು ಮಾದರಿ ಪಟ್ಟಿ ಹೊಲಿದು, ಅದನ್ನು ಕಾಗದಕ್ಕೆ ಚುಚ್ಚಿ ಇಡುತ್ತಿದ್ದರು. ಅಲ್ಲಿ ಎರಡು ಪಟ್ಟಿಗಳಿದ್ದವು: ಅವರ ಹೊಲಿಗೆಯದೊಂದು, ನಕ್ಷೆಯ ಹೊಲಿಗೆಯದೊಂದು. ಸುಮ್ಮನೆ ಮೀಟರು ತಂದು ಎರಡರ ಮೇಲೂ ಇಟ್ಟೆ. ಅವರದರಲ್ಲಿ ವಿದ್ಯುತ್ತು ಒಂದು ತುಂಡಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯುತ್ತಿತ್ತು. ನಕ್ಷೆಯದರಲ್ಲಿ ಮುಳ್ಳು ಅಲ್ಲಾಡುತ್ತಿತ್ತು, ಒತ್ತಿದರೆ ಹರಿವು ಇತ್ತು, ಬಿಟ್ಟರೆ ಇಲ್ಲ. ಆಗ ತಿಳಿಯಿತು. ಒಂದರ ಮೇಲೊಂದು ಸುಮ್ಮನೆ ಇಟ್ಟಾಗ ಮೇಲಿನ ತುಂಡಿನ, ವಿದ್ಯುತ್ತು ಹರಿಯಗೊಡದ ಲೇಪದ ಬದಿ ಕೆಳಗಿನದರ ಬೆಳ್ಳಿಯ ಮೇಲೆ ಕೂರುತ್ತದೆ. ಬೆಳ್ಳಿಗೆ ಬೆಳ್ಳಿ ತಾಗುವುದೇ ಇಲ್ಲ. ತೋಳಿನ ಉದ್ದಕ್ಕೂ ಕಣ್ಣಿಗೆ ಕಾಣದ ಒಂದು ಸೀಳು. ಅಲೆಗೆ ಸೀಳು ಅಗಲವಿರಬೇಕಿಲ್ಲ, ಉದ್ದವಿದ್ದರೆ ಸಾಕು. ಅಂಚುಗಳನ್ನು ಮಡಚಿ ಹೆಣೆದಾಗ ಒಂದು ಕಡೆಯಾದರೂ ಬೆಳ್ಳಿಗೆ ಬೆಳ್ಳಿ ಕೂಡಲೇಬೇಕು. ಸೀದಾಕ್ಕೆ ಸೀದಾ ಹತ್ತಬೇಕು ಎಂದು ಅವರು ಹೇಳಿದ್ದು ಇದನ್ನೇ. ಹತ್ತು ನಿಮಿಷದ ಕೆಲಸವಾಗಿತ್ತು ಇದು. ಆರು ವರ್ಷ ಇದನ್ನೇ ಓದಿದವಳು ನಾನು.

ಮ್ಯಾನೇಜರಿಗೆ ಹೇಳಿದೆ. "ಏಂಟಮ್ಮಾ ಇದಿ, ಹೊರಗೆ ಹೋದ ರಿಪೋರ್ಟ್ ಮತ್ತೆ ಯಾಕೆ ಎಳೀತೀಯಾ? ಕಂಪನಿಯವರು ಬರೆದು ಕೇಳಿದ್ರೆ ತಿದ್ದೋಣ," ಎಂದರು. ಕಂಪನಿಗೆ ಹೇಳಿದೆ. ಅವರು ಧನ್ಯವಾದ ಹೇಳಿ, ನಕ್ಷೆ ಬದಲಿಸಿ, ಜೀನ್ಸಿನ ಹೊಲಿಗೆ ಹಾಕಿದರು. ಅವರಲ್ಲೇ ಹೊಲಿದ ಹೊಸ ತೋಳು ಮೊದಲ ಸಲಕ್ಕೇ ಪಾಸಾಯಿತು. ಹಳೆಯ ವರದಿಯ ಬಗ್ಗೆ ಕೇಳಿದರೆ, ಅದು ಮುಗಿದ ವಿಷಯ ಎಂದರು. ನಾನು ಬಿಡಲಿಲ್ಲ. ಪತ್ರ ಬರೆದೆ, ನೆನಪೋಲೆ ಬರೆದೆ, ಬಂದ ಎಂಜಿನಿಯರುಗಳನ್ನು ಹಿಡಿದು ನಿಲ್ಲಿಸಿ ಕೇಳಿದೆ. ನನಗೆ ಇಂಥದ್ದು ಅಭ್ಯಾಸವಿಲ್ಲ. ಕೇಳಿದ್ದನ್ನೇ ಎರಡನೆಯ ಸಲ ಕೇಳಲು ನನಗೆ ಮುಜುಗರ. ಏಳು ತಿಂಗಳ ಮೇಲೆ ಕಂಪನಿ ಬರೆದು ಕೇಳಿತು, ನಮ್ಮ ಕೇಂದ್ರದಿಂದ ತಿದ್ದಿದ ವರದಿ ಹೊರಟಿತು. ಕಾರಣ: ಹೊಲಿಗೆ ಜೋಡಣೆಯ ವಿನ್ಯಾಸ ದೋಷ. ಅದನ್ನು ಒಂದು ಕವರಿನಲ್ಲಿಟ್ಟುಕೊಂಡು ರಾಯದುರ್ಗದ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ, ಅವರಿಂದ ಒಂದು ಒಳ್ಳೆಯ ಮಾತು ನಿರೀಕ್ಷಿಸಿಯೇ ಹೋಗಿದ್ದೆ.

ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಮಷಿನ್ ಹಾಕಿಕೊಂಡು ಶಾಲೆಯ ಚೀಲಕ್ಕೆ ಜಿಪ್ಪು ಹೊಲಿಯುತ್ತಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ಎದುರುಮನೆಯಲ್ಲಿ ಪ್ಯಾಂಟು ಹೊಲಿಯುತ್ತಿದ್ದವನು ನನ್ನನ್ನೂ ನನ್ನ ಕವರನ್ನೂ ನೋಡಿ ಕೂಗಿದ.

"ಏನ್ ಮಾಸ್ಟರ, ಚಂದ್ರಲೋಕದಿಂದ ಆರ್ಡರ್ ಬಂತೇನ? ಈ ಸಲನಾದ್ರೂ ನೆಟ್ಟಗ ಹೊಲಿ ಮತ್ತ!"

ಒಳಗಿಂದ ಯಾರೋ ನಕ್ಕರು. ಮಾಸ್ಟರ್ ತಲೆ ಎತ್ತಲಿಲ್ಲ. ಉಡುಪು ಹೊಲಿಯುವ ಕೆಲಸ ಸಿಕ್ಕಾಗ ಅವರು ಓಣಿಗೆಲ್ಲ ಹೇಳಿಕೊಂಡಿದ್ದರಂತೆ. ಹೊಲಿಗೆ ಸರಿ ಇಲ್ಲವೆಂದು ಕಳಿಸಿಬಿಟ್ಟರು ಎನ್ನುವುದು ಅವರು ಹೇಳದೆಯೇ ಬಂದು ಮುಟ್ಟಿತ್ತು. ಹೊಲಿಗೆಯಿಂದಲೇ ಬದುಕುವ ಓಣಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ ಎಂದು ಅವರ ಹೆಂಡತಿ ಆಮೇಲೆ ನನಗೆ ಹೇಳಿದರು.

"ಬರ್ರಿ ಮೇಡಂ, ಕೂಡ್ರಿ," ಎಂದು ಮಾಸ್ಟರ್ ಚೀಲ ಸರಿಸಿ ಜಾಗ ಮಾಡಿದರು. ನಾನು ವರದಿ ತೆಗೆದು, ತಿದ್ದಿದ ಸಾಲನ್ನು ಕನ್ನಡದಲ್ಲಿ ಹೇಳಿದೆ. ತಪ್ಪು ನಕ್ಷೆಯದು ಎಂದು ಈಗ ದಾಖಲೆಯಲ್ಲೇ ಇದೆ ಎಂದೆ. ಅವರು ಕಾಗದವನ್ನು ಬಟ್ಟೆಯಂತೆ ಬೆರಳಲ್ಲಿ ಉಜ್ಜಿ ನೋಡಿದರು.

"ಮೊದ್ಲ ನಾ ಹೊಲಿದಿದ್ನೆಲ್ರಿ, ಅದು ಇದರಾಗ ಐತೇನು?"

"ಇಲ್ಲ."

"ಬಿಚ್ಚಿಸಿದ್ದು?"

"ಅದೂ ಇಲ್ಲ."

"ಹಂಗಾದ್ರ ಇದರಾಗ ನಾ ಇಲ್ರಿ," ಎಂದರು. "ಮೊದ್ಲಿನ ಕಾಗದದಾಗ ತಪ್ಪು ಮಾಡಿದಾಂವ ಅಂತಾದ್ರೂ ಇದ್ದೆ."

ನನಗೆ ತಡೆಯಲಾಗಲಿಲ್ಲ. ಏಳು ತಿಂಗಳು ನಾನು ಎಷ್ಟು ಬಾಗಿಲು ತಟ್ಟಿದ್ದೆ ಎನ್ನುವುದು ಈ ಮನುಷ್ಯನಿಗೆ ಗೊತ್ತೇ? "ನೀವು ಅವತ್ತು ಯಾಕೆ ಸುಮ್ಮನಿದ್ರಿ? ಮ್ಯಾನೇಜರು ಬಾಯಿಬಿಟ್ಟು ಕೇಳಿದರಲ್ಲ, ಹೇಳೋದಿದೆಯಾ ಅಂತ! ಒಂದು ಮಾತು ಹೇಳಿದ್ದರೆ ಇದೆಲ್ಲ ಇರುತ್ತಿರಲಿಲ್ಲ."

"ಹೇಳಿದ್ನೆಲ್ರಿ," ಎಂದರು ಮಾಸ್ಟರ್, ಚೀಲದ ಜಿಪ್ಪನ್ನು ಎಳೆದು ನೋಡುತ್ತಾ. "ನಿಮಗ."

ನಾನು ವರದಿಯನ್ನು ಮಡಚಿ ಕವರಿನೊಳಗಿಟ್ಟೆ. ಅವರ ಹೆಂಡತಿ ಚಹಾ ತಂದಿಟ್ಟರು. ಮಾಸ್ಟರೇ ಮೆಲ್ಲಗೆ ಹೇಳಿದರು: "ಒಂದು ಕಾಗದ ಬರದ್ ಕೊಡ್ರಿ ಮೇಡಂ. ಇಂಗ್ಲೀಷ್ ಬ್ಯಾಡ. ಆದದ್ದು ಆದಂಗ, ನಾಕು ಸಾಲು. ಓಣ್ಯಾಗ ತೋರಿಸ್ತೀನಿ."

"ಆಫೀಸಿನಲ್ಲಿ ಒಂದು ಮಾತು ಕೇಳಿ ಕಳಿಸ್ತೀನಿ," ಎಂದೆ.

"ಕೇಳ್ರಿ, ಕೇಳ್ರಿ," ಎಂದು ಅವರು ಮತ್ತೆ ಮಷಿನ್ ತುಳಿಯತೊಡಗಿದರು.

ಕೇಳಿದೆ. "ಅಂಥದ್ದು ಬರೆದು ಕೊಡಬೇಡಮ್ಮಾ, ನಾಳೆ ನಮ್ಮ ಮೇಲೇ ಬರುತ್ತೆ," ಎಂದರು ಮ್ಯಾನೇಜರು. ನಾನು ಮನೆಯಲ್ಲಿ ಕುಳಿತು ಬರೆಯಲು ನೋಡಿದೆ. ನನ್ನ ಹೆಸರು ಬಾರದಂತೆ, ಕೇಂದ್ರದ ಹೆಸರು ಬಾರದಂತೆ, ಯಾರಿಗೂ ನೋವಾಗದಂತೆ. ಅಷ್ಟನ್ನೂ ಬಿಟ್ಟ ಮೇಲೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ಹರಿದುಹಾಕಿದೆ. ಮತ್ತೊಮ್ಮೆ ಬರೆದು ಮತ್ತೊಮ್ಮೆ ಹರಿದೆ. ಹೀಗೆ ಎರಡು ತಿಂಗಳು ಕಳೆದ ಮೇಲೆ ಅಕ್ಕ ಮುದ್ದೆ ಹಾಕುತ್ತಾ ಆ ಸುದ್ದಿ ಹೇಳಿದ್ದು.

ಮರುದಿನ ರಜೆ ಹಾಕಿ ರಾಯದುರ್ಗಕ್ಕೆ ಹೋದೆ. ಕಾಗದವನ್ನು ಬಸ್ಸಿನಲ್ಲೇ ಬರೆದೆ. ಈ ಸಲ ಹತ್ತು ನಿಮಿಷವೂ ಹಿಡಿಯಲಿಲ್ಲ. ಮಾಸ್ಟರ ಹೆಂಡತಿ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು, ಆದರೆ ಬರ್ರಿ ಎನ್ನಲಿಲ್ಲ. ನಾನು ಕಾಗದ ಚಾಚಿದೆ.

"ಏನ್ರಿ ಇದು?"

"ಅವರು ಕೇಳಿದ್ದರು. ತಡವಾಯಿತು."

"ನನಗ ಓದಾಕ ಬರಂಗಿಲ್ಲ. ನೀವ ಓದ್ರಿ."

ನಾನು ಅವರ ಪಕ್ಕ ಕುಳಿತು, ಅವರಿಗಷ್ಟೇ ಕೇಳುವಂತೆ ಮೆಲ್ಲಗೆ ಓದಿದೆ. ಮುಗಿದ ಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಕಾಗದವನ್ನು ಮಡಚಿ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

"ನನಗ ಮೊದ್ಲ ಗೊತ್ತಿತ್ರಿ ಇದು," ಎಂದರು. "ಗೊತ್ತಿಲ್ದವ್ರು ಅಲ್ಲಿ ಅದಾರ. ಎದ್ದು ನಿಂತು ಓದ್ರಿ. ಜೋರಾಗಿ."

ಓಣಿಯಲ್ಲಿ ನಾಲ್ಕಾರು ಮಷಿನ್‌ಗಳು ಓಡುತ್ತಿದ್ದವು. ನಾನು ಎದ್ದು ನಿಂತೆ. ತರಗತಿಯಲ್ಲೂ ಜೋರಾಗಿ ಓದಿದವಳಲ್ಲ ನಾನು. ನನ್ನ ದನಿ ನನಗೇ ಬೇರೆಯವರದೆನಿಸಿತು.

"ಬಾಹ್ಯಾಕಾಶ ಉಡುಪಿನ ಎಡತೋಳನ್ನು ಮಾಸ್ಟರ್ ಮೊದಲು ಹೊಲಿದದ್ದು ಸರಿಯಾಗಿತ್ತು. ಅದು ಸರಿ ಏಕೆ ಎಂದು ಅವರು ನನಗೆ ಹೇಳಿದರು. ನನಗೆ ಅರ್ಥವಾಗಲಿಲ್ಲ. ನಾನು ಅದನ್ನು ಬಿಚ್ಚಿಸಿದೆ, ಆಮೇಲೆ ತಪ್ಪು ಅವರದೆಂದು ಬರೆದೆ."

ಎದುರುಮನೆಯ ಮಷಿನ್ ನಿಂತಿತು. ಪ್ಯಾಂಟು ಹೊಲಿಯುತ್ತಿದ್ದವನು ಬಾಗಿಲಿಗೆ ಬಂದು, "ಏನಂದ್ರಿ ಅಕ್ಕಾರ? ಕೇಳ್ಲಿಲ್ಲ," ಎಂದ.

ನಾನು ಮೊದಲಿನಿಂದ ಮತ್ತೆ ಓದಿದೆ.